ಮಸ್ಟರಿನಲ್ಲಿ ಹೆಸರಿಲ್ಲದವರ ಚೌಕಾಸಿ

2016ರ ಏಪ್ರಿಲ್ 18ರಂದು ಬೆಂಗಳೂರಿನ ಹೊಸೂರು ರಸ್ತೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಂದ ತುಂಬಿಹೋಯಿತು. ಪಿಎಫ್‌ನಲ್ಲಿ ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮ ಅವರನ್ನು ಕೆರಳಿಸಿತ್ತು. ಮಗಳ ಮದುವೆಗೆ, ಸಾಲ ತೀರಿಸಲು ಅವರು ನಂಬಿದ್ದು ಆ ದುಡ್ಡನ್ನೇ. ಮರುದಿನ ಬಸ್ಸುಗಳಿಗೆ ಬೆಂಕಿ ಬಿತ್ತು, ಪೊಲೀಸರು ಲಾಠಿ ಬೀಸಿದರು. ಅಂದೇ ಕೇಂದ್ರ ನಿಯಮವನ್ನು ಹಿಂಪಡೆಯಿತು. ಯಾವ ದೊಡ್ಡ ಸಂಘಟನೆಯೂ ಈ ಪ್ರತಿಭಟನೆಗೆ ಕರೆ ಕೊಟ್ಟಿರಲಿಲ್ಲ. ಕರೆದು ಮಾತಾಡೋಣವೆಂದರೆ ಆ ಗುಂಪಿಗೆ ನಾಯಕರೇ ಇರಲಿಲ್ಲ.

ನಾಲ್ಕು ವರ್ಷಗಳ ಮೇಲೆ, 2020ರ ಡಿಸೆಂಬರ್ 12ರ ಬೆಳಿಗ್ಗೆ, ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆ ಪುಡಿಪುಡಿಯಾಯಿತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಗುತ್ತಿಗೆ ಕಾರ್ಮಿಕರು. ಕೆಲವರಿಗೆ ಸಂಬಳ ಸರಿಯಾಗಿ, ಹೊತ್ತಿಗೆ ಸಿಕ್ಕಿಲ್ಲವೆಂದು ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು. ಕಲ್ಲು ತೂರಿದ್ದನ್ನು ಯಾರೂ ಸಮರ್ಥಿಸಬೇಕಿಲ್ಲ. ಆದರೆ ಸಂಬಳದ ಚೀಟಿ ಹಿಡಿದು ನ್ಯಾಯ ಕೇಳಲು ಅಲ್ಲೊಂದು ಮೇಜು ಇದ್ದಿದ್ದರೆ ಕಲ್ಲಿಗೆ ಕೈ ಹೋಗುತ್ತಿತ್ತೇ?

ಸಂಘ ಕಟ್ಟುವ ಹಕ್ಕು ಬೇರೆ, ಮಾಲೀಕರು ಅದರ ಜೊತೆ ಕೂತು ಮಾತಾಡಲೇಬೇಕೆಂಬ ಕಟ್ಟುಪಾಡು ಬೇರೆ. ಮೊದಲನೆಯದಕ್ಕೆ 1926ರ ಕಾರ್ಮಿಕ ಸಂಘಗಳ ಕಾಯ್ದೆಯೇ ಮುದ್ರೆ ಒತ್ತಿತ್ತು. ಎರಡನೆಯದನ್ನು ಅದು ಹೇಳಲಿಲ್ಲ. ಮಹಾರಾಷ್ಟ್ರ 1971ರಲ್ಲಿ, ಕೇರಳ 2010ರಲ್ಲಿ ಸಂಘಗಳ ಮಾನ್ಯತೆಗೆ ಸ್ವಂತ ಕಾಯ್ದೆ ಮಾಡಿಕೊಂಡವು, ಕರ್ನಾಟಕ ಮಾಡಲಿಲ್ಲ. ಅಂಥ ಕಾಯ್ದೆ ಇಲ್ಲದ ಮತ್ತೊಂದು ರಾಜ್ಯ ತಮಿಳುನಾಡಿನ ಶ್ರೀಪೆರಂಬುದೂರಿನಲ್ಲಿ, 2024ರಲ್ಲಿ, ಸ್ಯಾಮ್‌ಸಂಗ್ ಕಾರ್ಮಿಕರು 37 ದಿನ ಮುಷ್ಕರ ಹೂಡಿದರು. ಅವರ ಮುಖ್ಯ ಬೇಡಿಕೆಗಳಲ್ಲೊಂದು ಸಂಘಕ್ಕೆ ಮಾನ್ಯತೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಈ ಕೊರತೆಯನ್ನು ಒಂದಷ್ಟು ತುಂಬಿದೆ. ಶೇ 51ರಷ್ಟು ಕಾರ್ಮಿಕರ ಬೆಂಬಲವಿದ್ದ ಸಂಘವೇ ಮಾತುಕತೆಯ ಏಕೈಕ ಸಂಘ. ಯಾರಿಗೂ ಅಷ್ಟು ಬೆಂಬಲ ಇಲ್ಲದಿದ್ದರೆ, ಶೇ 20ಕ್ಕೆ ಕಡಿಮೆಯಿಲ್ಲದ ಬೆಂಬಲವಿರುವ ಸಂಘಗಳು ಸೇರಿ ಮಂಡಳಿ. ಇದು ಒಳ್ಳೆಯ ಹೆಜ್ಜೆ.

ತೊಡಕಿರುವುದು ಎಣಿಕೆಯಲ್ಲಿ.

ಸಂಹಿತೆ ಎಣಿಸುವುದು ಆಯಾ ಕಾರ್ಖಾನೆಯ ಮಸ್ಟರ್ ರೋಲ್‌ನಲ್ಲಿ ಇರುವವರನ್ನು. ಒಂದೇ ಲೈನಿನಲ್ಲಿ ನಿಂತು ಒಂದೇ ಸ್ಕ್ರೂ ತಿರುಗಿಸುವ ಇಬ್ಬರಲ್ಲಿ ಒಬ್ಬಳ ಹೆಸರು ಕಂಪನಿಯ ಮಸ್ಟರಿನಲ್ಲಿ, ಇನ್ನೊಬ್ಬಳದು ಗುತ್ತಿಗೆದಾರನ ಮಸ್ಟರಿನಲ್ಲಿ. ಅಪ್ರೆಂಟಿಸ್ ಆದವನನ್ನಂತೂ ಸಂಹಿತೆ ಕಾರ್ಮಿಕನೆಂದೇ ಪರಿಗಣಿಸುವುದಿಲ್ಲ. ನರಸಾಪುರದಂಥ ಕಡೆ ಹೀಗೆ ಎಣಿಸಿದರೆ ದುಡಿಯುವವರಲ್ಲಿ ಬಹುಪಾಲು ಲೆಕ್ಕದಿಂದಲೇ ಹೊರಗೆ. ಇತ್ತ ಮುಷ್ಕರಕ್ಕೆ ಮಾತ್ರ ಬೇಲಿ ಬಿಗಿಯಾಗಿದೆ: ಹಿಂದೆ ಸಾರ್ವಜನಿಕ ಉಪಯುಕ್ತ ಸೇವೆಗಳಿಗಷ್ಟೇ ಇದ್ದ 14 ದಿನಗಳ ನೋಟಿಸ್ ಈಗ ಎಲ್ಲ ಕಾರ್ಖಾನೆಗಳಿಗೂ ಕಡ್ಡಾಯ. ಅರ್ಧದಷ್ಟು ಕಾರ್ಮಿಕರು ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ.

ಮಾನ್ಯತೆಯಿಂದ ಮಾಲೀಕರಿಗೂ ನಷ್ಟವಿಲ್ಲ. ಬೆಂಗಳೂರಿನ ಹಳೆಯ ಕಾರ್ಖಾನೆಗಳ ಕಾರ್ಮಿಕರ ಬಾಯಲ್ಲಿ ‘ಟ್ವೆಲ್ವ್ ತ್ರೀ’ ಎಂಬ ಮಾತಿತ್ತು. ಅದು 1947ರ ಕೈಗಾರಿಕಾ ವಿವಾದ ಕಾಯ್ದೆಯ 12(3)ನೇ ಕಲಮಿನ ಒಪ್ಪಂದ. ಬೇಡಿಕೆ ಪಟ್ಟಿಯನ್ನು ನಡುವೆ ಇಟ್ಟುಕೊಂಡು ಸಂಘ, ಆಡಳಿತ ಮಂಡಳಿ, ಸಂಧಾನಾಧಿಕಾರಿ ಮೂವರೂ ರುಜು ಹಾಕಿದರೆ, ಸಂಘಕ್ಕೆ ಸೇರದವರೂ ಸೇರಿ ಎಲ್ಲ ಕಾರ್ಮಿಕರೂ ಅದಕ್ಕೆ ಬದ್ಧರಾಗುತ್ತಿದ್ದರು. ಒಪ್ಪಂದದ ಅವಧಿ ಮುಗಿಯುವವರೆಗೆ ಮಾಲೀಕನಿಗೆ ಸಂಬಳದ ವೆಚ್ಚ ಎಷ್ಟೆಂಬುದು ಮೊದಲೇ ಗೊತ್ತಿರುತ್ತಿತ್ತು. ಇಂಥ ನೆಮ್ಮದಿ ನಾಯಕರಿಲ್ಲದ ಗುಂಪಿನಿಂದ ಸಿಗದು.

ಬೆಂಬಲವನ್ನು ಹೇಗೆ ಪರಿಶೀಲಿಸಬೇಕೆಂಬುದನ್ನು ಸಂಹಿತೆ ನಿಯಮಗಳಿಗೆ ಬಿಟ್ಟಿದೆ. ಖಾಸಗಿ ಕಾರ್ಖಾನೆಗಳ ಮಟ್ಟಿಗೆ ಬಹುತೇಕ ಆ ನಿಯಮ ಬರೆಯುವ ಲೇಖನಿ ರಾಜ್ಯದ ಕೈಯಲ್ಲಿದೆ. ಎಣಿಕೆ ಗುಪ್ತ ಮತದಾನದಿಂದಲೇ ನಡೆಯಬೇಕು, ಅದೂ ಕಾರ್ಮಿಕ ಇಲಾಖೆಯ ಉಸ್ತುವಾರಿಯಲ್ಲಿ. ಸೂಪರ್‌ವೈಸರ್ ಎದುರು ಸಹಿ ಹಾಕಿಸಿಕೊಳ್ಳುವ ಪದ್ಧತಿ ಬೇಡ. ಅರ್ಜಿ ಬಂದ ಇಷ್ಟು ದಿನದೊಳಗೆ ಫಲಿತಾಂಶ ಎಂಬ ಗಡುವು ಇರಬೇಕು. ಗುತ್ತಿಗೆ ಕಾರ್ಮಿಕರನ್ನು ಲೆಕ್ಕಕ್ಕೆ ಸೇರಿಸಲು ನಿಯಮ ಸಾಲದೆ ತಿದ್ದುಪಡಿಯೇ ಬೇಕಾದರೆ, ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿದೆ; ವಿಧಾನಸಭೆ, ವಿಧಾನ ಪರಿಷತ್ತು ಒಪ್ಪಿ, ರಾಷ್ಟ್ರಪತಿಯವರ ಅಂಕಿತ ಪಡೆದು ಕರ್ನಾಟಕ ತನ್ನದೇ ತಿದ್ದುಪಡಿ ತರಬಹುದು. ಪೀಣ್ಯ, ಬಿಡದಿ, ನರಸಾಪುರದ ಗೇಟುಗಳಲ್ಲಿ ಮತಪೆಟ್ಟಿಗೆ ಇಡುವ ಮೊದಲೇ ಆ ಕೆಲಸ ಮುಗಿಯಬೇಕು.