ಮನೆಯ ದಾರಿ, ಬೀದಿಯ ಚರಂಡಿ

ಮನೆ ಕಟ್ಟಿದ ಗೃಹಸ್ಥರು ಮೋಟಾರು ಬಂಡಿಯು ಅಂಗಳಕ್ಕೆ ಬರಲೆಂದು ಬಾಗಿಲ ಮುಂದಿನ ಚರಂಡಿಯ ಮೇಲೆ ಕಾಂಕ್ರೀಟು ಹಾಕಿ, ಬೀದಿಗೆ ಇಳಿಜಾರು ಮಾಡಿಸುವುದುಂಟು. ಆವರಣದ ಗೋಡೆಯೊಳಗಿನ ನೆಲವು ನಮ್ಮದು. ಅದರಾಚೆಯ ಚರಂಡಿಯೂ ಬೀದಿಯೂ ಊರಿನವು. ಆದುದರಿಂದ ಅಪ್ಪಣೆಯಿಲ್ಲದೆ ಅಲ್ಲಿ ಕೈಯಿಡತಕ್ಕದ್ದಲ್ಲ.

ಶಿವಮೊಗ್ಗೆಯು 2013ರಲ್ಲಿ ಮಹಾನಗರಪಾಲಿಕೆಯಾಯಿತು. ಅಲ್ಲಿಗೆ 1976ರ ಕಾನೂನು ಅನ್ವಯಿಸುವುದು. ಭದ್ರಾವತಿಯ ನಗರಸಭೆಗೆ 1964ರ ಕಾನೂನು. ಶಿವಮೊಗ್ಗೆಯವರು ಆಯುಕ್ತರಿಗೂ ಭದ್ರಾವತಿಯವರು ಪೌರಾಯುಕ್ತರಿಗೂ ಅರ್ಜಿ ಬರೆಯಬೇಕು. ಅದರೊಡನೆ ಖಾತೆಯ ನಕಲು, ಕಂದಾಯದ ರಸೀದಿ, ದಾರಿಯ ಅಗಲವನ್ನೂ ಚರಂಡಿಯ ಆಳವನ್ನೂ ತೋರಿಸುವ ನಕ್ಷೆ ಇವುಗಳನ್ನು ಇಡುವುದು ಲೇಸು.

ಚರಂಡಿಯನ್ನು ಬೆಸೆದು ಮುಚ್ಚದೆ, ಎತ್ತಿ ತೆಗೆಯಬಹುದಾದ ಚಪ್ಪಡಿಗಳನ್ನು ಹಾಸಿಸಿರಿ. ಹೂಳು ತೆಗೆಯುವವರಿಗೆ ಅನುಕೂಲವಾಗುವುದು. ಇಳಿಜಾರು ಬೀದಿಗೆ ಚಾಚದೆ ಗೇಟಿನೊಳಗೇ ಮುಗಿಯಲಿ; ಮುದುಕರೂ ಮಕ್ಕಳೂ ನಡೆಯುವುದು ಬೀದಿಯ ಆ ಅಂಚಿನಲ್ಲಿಯೇ.

ಅಪ್ಪಣೆಯಿಲ್ಲದೆ ಬೀದಿಯಲ್ಲಿ ಕಟ್ಟಿದುದನ್ನು ಕೀಳಿಸುವ ಅಧಿಕಾರವು ಪಾಲಿಕೆಗುಂಟು. ಆಗ ಹಾಕಿದ ಹಣವೆಲ್ಲ ಮಣ್ಣುಪಾಲು. ಅದಕ್ಕಿಂತ ದೊಡ್ಡದು ನೆರೆಯವರ ಕಷ್ಟ. ಮಲೆನಾಡಿನ ಅಂಚಿನ ಈ ಊರುಗಳಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ, ನಮ್ಮ ಬಾಗಿಲಲ್ಲಿ ಕಟ್ಟಿಕೊಂಡ ನೀರು ಮೇಲುಗಡೆಯ ಮನೆಯವರ ಹೊಸ್ತಿಲನ್ನು ದಾಟುವುದು. ಬಂಡಿಗೆ ದಾರಿ ಮಾಡುವವರು ಮೊದಲು ನೀರಿಗೆ ದಾರಿ ಬಿಡತಕ್ಕದ್ದು.