ಗಣಿ ಮುಚ್ಚಿದರೂ ಮುಗಿಯದ ಹೊಣೆ

ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಡಿಸೆಂಬರ್ 31ರಂದು ನಿಂತಿತು. ಯಂತ್ರಗಳು ಮೌನವಾದವು, ಅಗೆದ ಇಳಿಜಾರುಗಳಲ್ಲಿ ಗಿಡ ನೆಡಲಾಯಿತು. ಇನ್ನೇನು ಉಳಿದಿದೆ ಎಂದು ಕೇಳುವವರಿದ್ದಾರೆ. ಗಣಿಗೆ ಬೀಗ ಹಾಕಬಹುದು, ಮಳೆಗೆ ಹಾಕಲಾಗದು ಎಂಬುದೇ ಅವರಿಗೆ ಉತ್ತರ.

ಅಲ್ಲಿಯ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಆದುದರಿಂದ ಅರೆದು ತೊಳೆದ ಬಳಿಕ ಬೇಕಾದುದಕ್ಕಿಂತ ಬೇಡವಾದುದೇ ಹೆಚ್ಚು ಉಳಿಯುತ್ತಿತ್ತು. ಸಾರಭಾಗವು ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟವಿಳಿದು ನಮ್ಮ ಪಣಂಬೂರಿಗೆ ಬಂದಿತು. ಉಳಿದ ಕೋಟ್ಯಂತರ ಟನ್ ನುಣ್ಣನೆಯ ಕೆಸರು ಲಕ್ಯಾ ಹೊಳೆಗೆ ಅಡ್ಡಲಾಗಿ ಕಟ್ಟಿದ, ಸುಮಾರು 100 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ನಿಂತಿತು. ಲಕ್ಯಾ ಹೊಳೆ ಸೇರುವುದು ಭದ್ರೆಯನ್ನು. ಕಳಸ, ಬಾಳೆಹೊನ್ನೂರುಗಳನ್ನು ಹಾದು ಲಕ್ಕವಳ್ಳಿಯ ಜಲಾಶಯ ತುಂಬುವವಳು ಆ ಭದ್ರೆಯೇ. ಅದಿರಿನ ಲಾಭ ಪಡುವಣಕ್ಕೂ ಅದರ ಕೆಸರಿನ ಭಯ ಮೂಡಣಕ್ಕೂ ಹಂಚಿಹೋಯಿತೆಂಬುದನ್ನು ಕರಾವಳಿಯ ನಾವು ಮರೆಯಲಾಗದು.

ಇಂತಹ ಸ್ಥಳದಲ್ಲಿ ಎರಡು ಬಗೆಯ ನೀರನ್ನು ಕಾಯಬೇಕು. ಮೊದಲನೆಯದು ಇಳಿಜಾರಿನ ಮೇಲೆ ಹರಿದುಹೋಗುವ ಮಳೆನೀರು. ಅದು ಎಷ್ಟು ಮಣ್ಣನ್ನು ಕೊಚ್ಚಿ ಒಯ್ಯುತ್ತದೆಂಬುದನ್ನು ಬೇಸಗೆಯ ತಿಳಿನೀರಿನ ಪರೀಕ್ಷೆ ಹೇಳದು. ಆಷಾಢದ ಜಡಿಮಳೆಯಲ್ಲಿಯೇ, ಗಣಿಯ ಮೇಲ್ಭಾಗದಲ್ಲೂ ಕೆಳಭಾಗದಲ್ಲೂ ಒಂದೇ ದಿನ ನೀರು ತುಂಬಿಕೊಂಡು ಹೋಲಿಸಿ ನೋಡಬೇಕು. ಎರಡನೆಯದು ಅಣೆಕಟ್ಟಿನ ಬುಡದಲ್ಲಿ ಒಸರುವ ನೀರು. ಮಣ್ಣಿನ ಕಟ್ಟೆಯಲ್ಲಿ ಸ್ವಲ್ಪ ಒಸರು ಸಹಜ. ಆದರೆ ಮಳೆಯ ಪ್ರಮಾಣ ಹೆಚ್ಚದೆ ಒಸರು ಹೆಚ್ಚಿದರೆ, ತಿಳಿಯಾಗಿದ್ದ ನೀರು ಕದಡಿದರೆ, ಕಟ್ಟೆಯ ಒಡಲು ಒಳಗಿಂದಲೇ ಸವೆಯುತ್ತಿರಬಹುದು. ಒಸರಿನ ಅಳತೆ, ಕಟ್ಟೆಯೊಳಗಿನ ನೀರಿನ ಮಟ್ಟ ತೋರುವ ಕೊಳವೆಗಳು, ಕೋಡಿ, ಚರಂಡಿ ಇವೆಲ್ಲವುಗಳ ದಾಖಲೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಹೋಗಬೇಕು. ಒಂದು ದಿನದ ಅಂಕಿಗಿಂತ ಹಲವು ವರ್ಷಗಳ ಗತಿಯೇ ಸತ್ಯವನ್ನು ಬೇಗ ಹೇಳುತ್ತದೆ.

ಬ್ರೆಜಿಲ್ ದೇಶದ ಬ್ರುಮಾಡಿನ್ಯೊ ಎಂಬಲ್ಲಿ 2019ರ ಜನವರಿ 25ರಂದು ಕಬ್ಬಿಣದ ಗಣಿಯ ಕೆಸರುಕಟ್ಟೆ ಕುಸಿದು ಸುಮಾರು 270 ಮಂದಿ ಮಡಿದರು. ಆ ಕಟ್ಟೆಗೆ ಕೆಸರು ಸುರಿಯುವುದು 2016ರಲ್ಲಿಯೇ ನಿಂತಿತ್ತು. ಒಳಗಿನ ನೀರು ಸರಿಯಾಗಿ ಬಸಿಯದಿದ್ದುದು ಕುಸಿತದ ಕಾರಣಗಳಲ್ಲೊಂದೆಂದು ಅದನ್ನು ಪರಿಶೀಲಿಸಿದ ತಜ್ಞರು ಹೇಳಿದರು. ಅದನ್ನು ಕಟ್ಟಿದ ಕ್ರಮ ಬೇರೆ, ಇಲ್ಲಿಯದು ಬೇರೆ. ಆದುದರಿಂದ ವೃಥಾ ದಿಗಿಲು ಹುಟ್ಟಿಸುವುದು ಸಲ್ಲದು. ಆದರೆ ಬಳಕೆ ನಿಂತ ಕಟ್ಟೆ ನಿರಪಾಯಕಾರಿ ಎಂಬ ನಂಬಿಕೆ ಅಲ್ಲಿ ಸುಳ್ಳಾಯಿತೆಂಬ ಪಾಠವನ್ನು ನಾವೂ ಕಲಿಯಬೇಕು.

ಪರೀಕ್ಷೆಯ ಫಲ ಕಚೇರಿಯ ಕಡತದಲ್ಲಿ ಉಳಿದರೆ ಸಾಲದು. ಪ್ರತಿ ಮಳೆಗಾಲದ ಬಳಿಕ ನದಿತೀರದ ಗ್ರಾಮ ಪಂಚಾಯತಿಗಳಲ್ಲಿ ಸರಳ ಕನ್ನಡದಲ್ಲಿ ಅದನ್ನು ಪ್ರಕಟಿಸಬೇಕು. ನೀರನ್ನು ಕುಡಿಯುವವನಿಗೆ ಅದರ ಗುಣ ತಿಳಿಯುವ ಹಕ್ಕಿದೆ. ಪಣಂಬೂರಿನ ಉದ್ಯಮದಿಂದ ಉಂಡ ಕುಟುಂಬಗಳು ನಮ್ಮಲ್ಲಿ ಅನೇಕ. ಭದ್ರೆಯ ದಂಡೆಯವರ ಪರವಾಗಿ ಈ ಬೇಡಿಕೆಯನ್ನು ಮುಂದಿಡುವುದು ನಮ್ಮ ಔದಾರ್ಯವಲ್ಲ, ನಾವು ತೀರಿಸಬೇಕಾದ ಋಣ.