ಕೈಗೆ ಪೆಟ್ಟಾದ ಮಗುವೂ ಚೆಂಡಾಟವೂ

ಅಮೆರಿಕದ ಊರುಗಳಲ್ಲಿ ವಸಂತ ಕಾಲಿಟ್ಟಿತೆಂದರೆ ಹುಡುಗರಿಗೆ ಮನೆ ಬೇಡವಾಗುತ್ತದೆ. ಒಂದು ಕೈಗೆ ದೊಡ್ಡ ಚರ್ಮದ ಗವಸು, ಹೆಗಲ ಮೇಲೆ ದಾಂಡು, ಬಾಯಲ್ಲಿ ಬೇಸ್‌ಬಾಲಿನದೇ ಮಾತು. ಅಂಥದೊಂದು ಊರಿನಲ್ಲಿ ಹನ್ನೊಂದು ವರ್ಷದ ಬಾಲಕನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ತಂಡಕ್ಕೆಲ್ಲ ಚೆಂಡೆಸೆಯುವವನು ಅವನೇ. ನಾಲ್ಕು ದಿನಗಳಿಂದ ಅವನ ಬಲ ಮೊಣಕೈಯ ಒಳಬದಿ ನೋಯುತ್ತಿದೆ. ಹೇಳಿದರೆ ತನ್ನ ಸ್ಥಾನ ಇನ್ನೊಬ್ಬನ ಪಾಲಾದೀತೆಂಬ ಭಯದಿಂದ ಅವನು ಬಾಯಿ ಬಿಡಲೊಲ್ಲ. ಆದರೆ ಊಟದ ಹೊತ್ತಿಗೆ ನೀರಿನ ಲೋಟವನ್ನು ಎಡಗೈಯಿಂದ ಎತ್ತುತ್ತಾನೆ. ತಾಯಿಯ ಕಣ್ಣಿಗೆ ಅಷ್ಟು ಸಾಕು.

ಇಲ್ಲಿ ಹಿರಿಯರು ಎರಡು ತಪ್ಪುಗಳಲ್ಲಿ ಒಂದನ್ನು ಮಾಡುವುದುಂಟು. “ಗಂಡುಮಗ ಇಷ್ಟಕ್ಕೆಲ್ಲ ಅಳುಕಬಾರದು” ಎಂದು ಮರುದಿನವೂ ಬಯಲಿಗೆ ಕಳುಹಿಸುವುದು ಒಂದು; “ಇನ್ನು ಈ ಆಟದ ಹೆಸರೆತ್ತಬೇಡ” ಎಂದು ಬಾಗಿಲು ಹಾಕುವುದು ಇನ್ನೊಂದು. ಮೊದಲನೆಯದು ತೋಳನ್ನು ಕೆಡಿಸುತ್ತದೆ, ಎರಡನೆಯದು ಮನಸ್ಸನ್ನು ಕುಗ್ಗಿಸುತ್ತದೆ. ಮಗುವಿನ ಕೈಗೆ ಬಂದಿರುವುದು ಮಾಗುವ ನೋವೋ, ಬಾಳಿಡೀ ಉಳಿಯುವ ಊನವೋ ಎಂಬುದನ್ನು ಮೊದಲು ಅರಿಯಬೇಕು. ಮಾಗುವ ನೋವಿಗೆ ಬೇಕಾದ ಔಷಧ ತಾಳ್ಮೆ; ಉಳಿಯುವ ಊನಕ್ಕೆ ಬೇಕಾದುದು ಅವಕಾಶ.

ಬೆಳೆಯುವ ಮಕ್ಕಳ ಎಲುಬಿನ ತುದಿಗಳಲ್ಲಿ ಇನ್ನೂ ಗಟ್ಟಿಯಾಗದ ಮೆದುವಾದ ಭಾಗವಿರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದಲೇ. ಬಲವಾಗಿ ಚೆಂಡೆಸೆದಾಗಲೆಲ್ಲ ಮೊಣಕೈಯ ಒಳಬದಿಯ ಸ್ನಾಯುಗಳೂ ಕಟ್ಟುಗಳೂ ಆ ಮೆದು ಭಾಗವನ್ನು ಎಳೆಯುತ್ತವೆ. ಹತ್ತು ಸಲ ಎಳೆದರೆ ಬಾಧಕವಿಲ್ಲ. ವಿಶ್ರಾಂತಿಯಿಲ್ಲದೆ ದಿನದಿನವೂ ಎಳೆದರೆ ಅದು ಊದಿಕೊಂಡು ನೋಯುತ್ತದೆ, ಕೆಲವೊಮ್ಮೆ ಕಿತ್ತುಬರುವುದೂ ಉಂಟು. ವೈದ್ಯರು ಈ ಬೇನೆಯನ್ನು ‘ಲಿಟ್ಲ್ ಲೀಗ್ ಮೊಣಕೈ’ ಎಂದು ಕರೆಯುತ್ತಾರೆ. 1939ರಲ್ಲಿ ಪೆನ್ಸಿಲ್ವೇನಿಯದ ವಿಲಿಯಮ್ಸ್‌ಪೋರ್ಟಿನಲ್ಲಿ ಹುಟ್ಟಿದ ಮಕ್ಕಳ ಬೇಸ್‌ಬಾಲ್ ಸಂಘದ ಹೆಸರೇ ಆ ಬೇನೆಗೂ ಅಂಟಿಕೊಂಡಿತು.

ಆ ಸಂಘವೇ 2007ರಿಂದ ಎಸೆತಗಳನ್ನು ಎಣಿಸುವ ನಿಯಮವನ್ನು ಜಾರಿಗೆ ತಂದಿತು. ಅದರಂತೆ ಒಂಬತ್ತು ಹತ್ತರ ವಯಸ್ಸಿನವರು ಒಂದು ದಿನ 75 ಎಸೆತಗಳನ್ನೂ, ಹನ್ನೊಂದು ಹನ್ನೆರಡರವರು 85 ಎಸೆತಗಳನ್ನೂ ಮೀರುವಂತಿಲ್ಲ. 66 ಅಥವಾ ಅದಕ್ಕಿಂತ ಹೆಚ್ಚು ಎಸೆದ ಹುಡುಗನಿಗೆ ನಾಲ್ಕು ದಿನ ಬಿಡುವು ಕಡ್ಡಾಯ. ಆದರೆ ಒಂದೇ ಹುಡುಗ ಎರಡು ತಂಡಗಳಿಗೆ ಆಡಿದರೆ ಒಂದು ತಂಡದ ಲೆಕ್ಕ ಇನ್ನೊಂದಕ್ಕೆ ತಿಳಿಯದೆ ಹೋಗಬಹುದು. ಅಂಥಲ್ಲಿ ಮನೆಯವರೇ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡುವುದು ಮೇಲು. ವರ್ಷದಲ್ಲಿ ಒಟ್ಟು ನಾಲ್ಕು ತಿಂಗಳಾದರೂ ಚೆಂಡೆಸೆಯುವುದನ್ನು ನಿಲ್ಲಿಸಬೇಕೆಂಬುದು ತಜ್ಞರ ಸಲಹೆ.

ನೋವು ಕಂಡಮೇಲೆ ಮಾಡತಕ್ಕದ್ದು ಸರಳ: ಎಸೆತ ನಿಲ್ಲಿಸುವುದು, ವೈದ್ಯರಿಗೆ ತೋರಿಸುವುದು, ಅವರು ಹೇಳಿದಷ್ಟು ವಾರ ಕಾಯುವುದು. ನೋವು ಮರೆಸುವ ಗುಳಿಗೆ ನುಂಗಿಸಿ ಆಡಿಸಲೇಕೂಡದು. ಎಚ್ಚರಿಸುವ ಕಾವಲುಗಾರನ ಬಾಯನ್ನೇ ಕಟ್ಟಿದಂತಾಗುತ್ತದೆ. ದಾಂಡುಗಾರನ ಹಿಂದೆ ಕುಳಿತು ಚೆಂಡು ಹಿಡಿಯುವ ಕ್ಯಾಚರನ ಕೆಲಸವನ್ನು ವಿಶ್ರಾಂತಿಯೆಂದು ತಿಳಿಯುವುದೂ ತಪ್ಪು. ಅವನೂ ಆಟದುದ್ದಕ್ಕೂ ಚೆಂಡನ್ನು ಹಿಂದಕ್ಕೆ ಎಸೆಯುತ್ತಲೇ ಇರಬೇಕು. ಕಾಯುವ ವಾರಗಳಲ್ಲಿ ಮಗು ಮನೆಯಲ್ಲಿ ಮುಖ ಬಾಡಿಸಿ ಕೂರಬೇಕಾಗಿಲ್ಲ. ತಂಡದ ಅಂಗಿ ತೊಟ್ಟು ಬೆಂಚಿನ ಮೇಲೆ ಕುಳಿತು ಎಸೆತಗಳನ್ನು ಎಣಿಸಲಿ, ಎದುರಾಳಿಯ ರೀತಿಯನ್ನು ನೋಡಲಿ. ತೋಳು ನೋವಿಲ್ಲದೆ ಪೂರ್ತಿ ಮಡಚಿ ಚಾಚುವಂತಾಗಿ ವೈದ್ಯರು ಒಪ್ಪಿದ ಬಳಿಕ ಹತ್ತಿರದಿಂದ ಮೆಲ್ಲಗೆ ಎಸೆಯಲಿ. ದೂರವೂ ರಭಸವೂ ಆಮೇಲೆ.

ಕೈಯೇ ಇಲ್ಲದ ಅಥವಾ ಕೈ ಮತ್ತೆ ಮೊದಲಿನಂತಾಗದ ಮಗುವಿನ ಮಾತು ಬೇರೆ. ಬೇಸ್‌ಬಾಲಿನಲ್ಲಿ ಗವಸು ತೊಟ್ಟ ಕೈ ಹಿಡಿಯುತ್ತದೆ, ಇನ್ನೊಂದು ಎಸೆಯುತ್ತದೆ. ಒಂದೇ ಕೈ ಇದ್ದವನು ಎರಡನ್ನೂ ಮಾಡುವುದೆಂತು? ಮಿಷಿಗನ್ನಿನ ಫ್ಲಿಂಟ್ ನಗರದಲ್ಲಿ 1967ರಲ್ಲಿ ಬಲ ಅಂಗೈ ಇಲ್ಲದೆ ಹುಟ್ಟಿದ ಜಿಮ್ ಆಬಟ್ ಎಂಬ ಬಾಲಕನಿಗೆ ಅವನ ತಂದೆ ಉಪಾಯ ಹುಡುಕಲು ನೆರವಾದರು. ಗವಸನ್ನು ಮೊಂಡು ತೋಳಿನ ತುದಿಗೆ ಒರಗಿಸಿಕೊಂಡು ಎಡಗೈಯಿಂದ ಎಸೆಯುವುದು. ಎಸೆದ ಕ್ಷಣವೇ ಅದೇ ಕೈಯನ್ನು ಗವಸಿನೊಳಕ್ಕೆ ತೂರಿಸುವುದು. ಚೆಂಡು ಹಿಡಿದೊಡನೆ ಗವಸನ್ನು ಬಲ ಕಂಕುಳಿಗೆ ಸಿಕ್ಕಿಸಿ ಚೆಂಡನ್ನು ಹೊರತೆಗೆಯುವುದು. ಬಾಲಕ ಮನೆಯ ಇಟ್ಟಿಗೆಯ ಗೋಡೆಗೆ ಚೆಂಡೆಸೆದು ಇದನ್ನು ಅಭ್ಯಾಸ ಮಾಡಿದ. ಕೈ ಚುರುಕಾದಂತೆ ಗೋಡೆಗೆ ಇನ್ನಷ್ಟು ಹತ್ತಿರ ಸರಿದ. 1993ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕ್ ಯಾಂಕೀಸ್ ತಂಡದ ಪರವಾಗಿ ಆಡಿದ ಆತ ಕ್ಲೀವ್‌ಲೆಂಡ್ ತಂಡಕ್ಕೆ ಇಡೀ ಪಂದ್ಯದಲ್ಲಿ ಒಂದೇ ಒಂದು ‘ಹಿಟ್’ ದಕ್ಕಗೊಡಲಿಲ್ಲ.

ಅದಕ್ಕೂ ಮುನ್ನ ಮಾರ್ಡಿಕೈ ಬ್ರೌನ್ ಇದ್ದ. ಬಾಲ್ಯದಲ್ಲಿ ಹೊಲದ ಯಂತ್ರಕ್ಕೆ ಸಿಕ್ಕಿ ಅವನ ಬಲಗೈಯ ತೋರುಬೆರಳು ಬಹುಪಾಲು ಹೋಯಿತು; ಮತ್ತೊಮ್ಮೆ ಬಿದ್ದು ಮುರಿದ ಬೆರಳು ಸೊಟ್ಟಗೆ ಕೂಡಿಕೊಂಡಿತು. ಆ ಸೊಟ್ಟ ಬೆರಳೇ ಚೆಂಡಿಗೆ ದಾಂಡುಗಾರರು ಊಹಿಸಲಾರದ ತಿರುವು ಕೊಟ್ಟಿತು. ನಮ್ಮ ಮೈಸೂರಿನವರೇ ಆದ ಬಿ. ಎಸ್. ಚಂದ್ರಶೇಖರರ ಕಥೆಯೂ ಇದೇ ಜಾತಿಯದಲ್ಲವೆ? ಬಾಲ್ಯದ ಪೋಲಿಯೋದಿಂದ ಸೊರಗಿದ ಬಲಗೈಯಿಂದಲೇ ಬೋಲಿಂಗ್ ಮಾಡಿ ಟೆಸ್ಟ್ ಕ್ರಿಕೆಟ್ಟಿನಲ್ಲಿ 242 ವಿಕೆಟ್ ಪಡೆದರು. 1971ರಲ್ಲಿ ಓವಲ್ ಮೈದಾನದಲ್ಲಿ ಇಂಗ್ಲೆಂಡಿನ ಆರು ಮಂದಿಯನ್ನು 38 ರನ್ನಿಗೆ ಉರುಳಿಸಿ ಭಾರತಕ್ಕೆ ಆ ನೆಲದಲ್ಲಿ ಮೊದಲ ಟೆಸ್ಟ್ ಜಯಕ್ಕೆ ದಾರಿಮಾಡಿದ್ದು ಆ ಕೈಯೇ.

ಊನವುಳ್ಳ ಮಕ್ಕಳೆಲ್ಲರೂ ಹೀಗೆ ಹೆಸರಾಂತರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ನೆರೆಯ ಮಕ್ಕಳೊಡನೆ ಸಂಜೆ ಆಡಿ ಮಣ್ಣು ಮೆತ್ತಿಕೊಂಡು ಮನೆಗೆ ಬರುವ ಭಾಗ್ಯವಾದರೂ ಅವರಿಗೆ ದಕ್ಕಬೇಕು. ಲಿಟ್ಲ್ ಲೀಗ್ ಸಂಘವು ಅಂಥವರಿಗಾಗಿಯೇ 1989ರಲ್ಲಿ ‘ಚಾಲೆಂಜರ್’ ಎಂಬ ವಿಭಾಗ ತೆರೆಯಿತು. ಬೇಕಾದವರಿಗೆ ಬಯಲಿನಲ್ಲಿ ಒಬ್ಬ ಗೆಳೆಯ ಜೊತೆಗೆ ನಿಲ್ಲುತ್ತಾನೆ.

ಮೊಣಕೈ ನೋಯುವ ಆ ಬಾಲಕನ ತಾಯಿ ಗದರಿಸದೆ, ಮರುಗದೆ, ಊಟ ಮುಗಿದ ಮೇಲೆ ಪಕ್ಕದಲ್ಲಿ ಕುಳಿತು “ಎಷ್ಟು ದಿನದಿಂದ ನೋಯುತ್ತಿದೆ, ಮಗು?” ಎಂದು ಕೇಳಿದರೆ ಸಾಕು. ಹೇಳಿದರೂ ತನ್ನ ಆಟ ತಪ್ಪಿಹೋಗದೆಂಬ ನಂಬಿಕೆಯಿದ್ದ ಮಗು ನಿಜವನ್ನೇ ಹೇಳುತ್ತದೆ. ತೋಳು ಉಳಿಯುವುದೂ ಆಟ ಉಳಿಯುವುದೂ ಆ ನಿಜದಿಂದಲೇ.